ಗೊರಸಿನ ಅಮಾನತ್: ಸವಣೂರು ಸೀಮೆಯ ನಾಲಬಂದರ ಕಸುಬಿನ ಚರಿತ್ರೆ

ಪವಿತ್ರ ಕುರ್‌ಆನಿನ ನೂರನೆಯ ಅಧ್ಯಾಯದ ಹೆಸರು ‘ಅಲ್‌ಆದಿಯಾತ್’. ಏದುಸಿರು ಬಿಡುತ್ತ ಓಡುವ ಕುದುರೆಗಳ ಮೇಲೆ, ಗೊರಸು ಕಲ್ಲಿಗೆ ತಾಗಿದಾಗ ಹಾರುವ ಕಿಡಿಗಳ ಮೇಲೆ ಅಲ್ಲಾಹನು ಇಲ್ಲಿ ಆಣೆಯಿಡುತ್ತಾನೆ. ಹಾಗೆ ಆಣೆಯಿಟ್ಟು ಹೇಳುವ ಮಾತು ಮಾತ್ರ ಕುದುರೆಯ ಬಗ್ಗೆ ಅಲ್ಲ, ನಮ್ಮ ಬಗ್ಗೆ: ಮನುಷ್ಯನು ತನ್ನ ಪ್ರಭುವಿಗೆ ಕೃತಘ್ನನಾಗಿದ್ದಾನೆ ಎಂದು. ಹಿಡಿ ಹುಲ್ಲು ಹಾಕಿದ ಒಡೆಯನಿಗಾಗಿ ಕುದುರೆ ಪ್ರಾಣವನ್ನೇ ಪಣಕ್ಕಿಡುತ್ತದೆ. ಎಲ್ಲವನ್ನೂ ಕೊಟ್ಟ ಒಡೆಯನನ್ನು ಮನುಷ್ಯ ಮರೆಯುತ್ತಾನೆ. ಈ ಅಧ್ಯಾಯದ ವ್ಯಾಖ್ಯಾನದಲ್ಲಿ ಅನೇಕ ವಿದ್ವಾಂಸರು ಈ ಹೋಲಿಕೆಯನ್ನು ವಿವರಿಸಿದ್ದಾರೆ.

ಕುದುರೆಯ ಗೊರಸನ್ನೇ ನಂಬಿ ಬದುಕಿದ ಒಂದು ಸಮುದಾಯ ನಮ್ಮ ನಡುವೆ ಇದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ, ಹಾಗೆಯೇ ಇಡೀ ಉತ್ತರ ಕರ್ನಾಟಕದ ಮುಸ್ಲಿಮರಲ್ಲಿ ‘ನಾಲಬಂದ’ ಎಂಬ ಅಡ್ಡಹೆಸರು ಅಪರಿಚಿತವಲ್ಲ. ಆ ಹೆಸರಿನ ಮನೆಗಳಲ್ಲಿ ಇಂದು ಡ್ರೈವರ್‌ಗಳಿದ್ದಾರೆ, ಗ್ಯಾರೇಜಿನವರಿದ್ದಾರೆ, ಶಿಕ್ಷಕರಿದ್ದಾರೆ. ಆದರೆ ಅಜ್ಜಂದಿರ ಕಸುಬು ಏನಾಗಿತ್ತು, ಅದರ ಹಿಂದೆ ಎಂತಹ ವಿದ್ಯೆಯಿತ್ತು ಎಂಬುದು ಆ ಮನೆಯ ಮಕ್ಕಳಿಗೇ ಗೊತ್ತಿಲ್ಲದಂತಾಗುತ್ತಿದೆ.

ಹೆಸರಿನ ಮೂಲ

ಅರಬಿಯಲ್ಲಿ ‘ನಅ್ಲ್’ ಎಂದರೆ ಪಾದರಕ್ಷೆ. ತುವಾ ಕಣಿವೆಯಲ್ಲಿ ಪ್ರವಾದಿ ಮೂಸಾ(ಅ)ರಿಗೆ ಪಾದರಕ್ಷೆ ಕಳಚಲು ಅಪ್ಪಣೆಯಾದ ಪ್ರಸಂಗ ಸೂರಃ ತಾಹಾದಲ್ಲಿದೆ. ಅಲ್ಲಿ ಬಳಕೆಯಾಗಿರುವುದು ಇದೇ ಪದ. ಪಾರ್ಸಿಯಲ್ಲಿ ‘ಬಂದ್’ ಎಂದರೆ ಕಟ್ಟುವವನು. ಕುದುರೆಗೆ ಪಾದರಕ್ಷೆ ಕಟ್ಟುವವನೇ ನಾಲಬಂದ. ಕನ್ನಡದಲ್ಲಿ ಲಾಳ ಎಂದೂ ನಾಲ ಎಂದೂ ಕರೆಯುವುದು ಈ ಕಬ್ಬಿಣದ ಪಾದರಕ್ಷೆಯನ್ನೇ.

ಕಬ್ಬಿಣ ಬರುವುದಕ್ಕೆ ಮೊದಲು ಸಾವಿರಾರು ವರ್ಷ ಕುದುರೆ ಬರಿಗಾಲಿನಲ್ಲೇ ಮನುಷ್ಯನನ್ನು ಹೊತ್ತಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಝೆನೊಫೋನ್ ಕುದುರೆ ಸಾಕಣೆಯ ಬಗ್ಗೆ ಬರೆದಾಗ ಲಾಳದ ಮಾತೆತ್ತಲಿಲ್ಲ. ಲಾಯದ ಮುಂದೆ ದುಂಡನೆಯ ಕಲ್ಲುಗಳನ್ನು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಸಲಹೆ ಕೊಟ್ಟ. ಬದಕ್‌ಶಾನಿನ ಕಲ್ಲುಗುಡ್ಡಗಳಲ್ಲಿ ಬೆಳೆದ ಕುದುರೆಗಳಿಗೆ ಗೊರಸೇ ಎಷ್ಟು ಗಟ್ಟಿಯೆಂದರೆ ಲಾಳ ಬೇಕಾಗುವುದಿಲ್ಲ ಎಂದು 13ನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಬರೆದಿದ್ದಾನೆ. ಮೊಳೆ ಹೊಡೆದ ಕಬ್ಬಿಣದ ಲಾಳ ವ್ಯಾಪಕವಾಗಿ ಬಳಕೆಗೆ ಬಂದದ್ದು ಸುಮಾರು 9, 10ನೆಯ ಶತಮಾನಗಳಿಂದೀಚೆಗೆ. ಭಾರತದಲ್ಲಿ ಅದು ಹೆಚ್ಚಾಗಿ ಹರಡಿದ್ದು ತುರ್ಕಿ ಮತ್ತು ಅಫ್ಘಾನ್ ಸವಾರರ ಜೊತೆಯಲ್ಲಿ.

ಆದ್ದರಿಂದ ನಾಲಬಂದರ ವಿದ್ಯೆ ಬರೀ ಕಬ್ಬಿಣದ ವಿದ್ಯೆ ಎಂದುಕೊಳ್ಳುವುದು ತಪ್ಪು. ಲಾಳ ಕಟ್ಟುವ ಮೊದಲು ಗೊರಸನ್ನು ಕೆತ್ತಿ ಸಮ ಮಾಡಬೇಕು. ಕೆತ್ತನೆ ಸರಿಯಿದ್ದರೆ ಲಾಳವಿಲ್ಲದೆಯೂ ಕುದುರೆ ನಡೆಯುತ್ತದೆ. ಕೆತ್ತನೆ ಕೆಟ್ಟರೆ ಚಿನ್ನದ ಲಾಳ ಕಟ್ಟಿದರೂ ಕುಂಟುತ್ತದೆ.

ಔಷಧಶಾಸ್ತ್ರದ ಗೌರವ ಪಡೆದ ಕಸುಬು

ಇಸ್ಲಾಮೀ ನಾಗರಿಕತೆಯಲ್ಲಿ ಕುದುರೆಯ ವೈದ್ಯನಿಗೆ ‘ಬೈತಾರ್’ ಎಂಬ ಹೆಸರಿತ್ತು. ಗೊರಸು ಕೆತ್ತುವುದು, ಲಾಳ ಕಟ್ಟುವುದು, ರೋಗಕ್ಕೆ ಔಷಧ ಕೊಡುವುದು ಎಲ್ಲವೂ ಅವನ ಕೆಲಸ. 9ನೆಯ ಶತಮಾನದಲ್ಲಿ ಅಬ್ಬಾಸಿ ಖಲೀಫರ ಲಾಯದ ಮೇಲ್ವಿಚಾರಕರಾಗಿದ್ದ ಇಬ್ನ್ ಅಖೀ ಹಿಝಾಮ್ ಕುದುರೆ ಸವಾರಿ ಮತ್ತು ಅಶ್ವವೈದ್ಯದ ಬಗ್ಗೆ ಗ್ರಂಥ ರಚಿಸಿದರು. 14ನೆಯ ಶತಮಾನದ ಕೈರೋದಲ್ಲಿ ಮಮ್ಲೂಕ್ ಸುಲ್ತಾನ್ ಅನ್ನಾಸಿರ್ ಮುಹಮ್ಮದ್‌ರ ಆಸ್ಥಾನದ ಅಬೂಬಕ್ರ್ ಇಬ್ನ್ ಬದ್ರ್ ಅದೇ ಶಾಸ್ತ್ರವನ್ನು ಇನ್ನಷ್ಟು ವಿಸ್ತರಿಸಿ ಬರೆದರು. ಸ್ಪೇನಿನ ಮಾಲಗದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಮಹಾನ್ ಸಸ್ಯವಿಜ್ಞಾನಿ ಇಬ್ನುಲ್ ಬೈತಾರ್‌ರ ಹೆಸರಿನ ಅರ್ಥವೇ ‘ಕುದುರೆ ವೈದ್ಯನ ಮಗ’. ಜಗತ್ತು ಅವರನ್ನು ಇಂದಿಗೂ ನೆನೆಯುವುದು ಆ ಕಸುಬಿನ ಹೆಸರಿನಿಂದಲೇ. ಅರಬಿ ಭಾಷೆಯಲ್ಲಿ ಇಂದೂ ಪಶುವೈದ್ಯನಿಗೆ ಬೈತರಿ ಎನ್ನುತ್ತಾರೆ.

ನಮ್ಮ ನಾಡಿನಲ್ಲೂ ಈ ವಿದ್ಯೆಗೆ ಆಳವಾದ ಬೇರುಗಳಿದ್ದವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಪಳಗಿಸುವಿಕೆ, ಕುದುರೆಯ ಮೇಲಿನ ಚೆಂಡಾಟದ ವಿವರಗಳಿವೆ. ಆ ಚಾಲುಕ್ಯರ ಸಾಮಂತರಾಗಿ ಹಾನಗಲ್ಲನ್ನು ಆಳಿದವರು ಕದಂಬರು; ಆ ಸೀಮೆಯ ವೀರಗಲ್ಲುಗಳಲ್ಲಿ ಕುದುರೆಯೇರಿದ ವೀರರನ್ನು ಇಂದಿಗೂ ನೋಡಬಹುದು. ಕನ್ನಡದಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವಶಾಸ್ತ್ರದ ಮೇಲೆಯೇ ಕೃತಿ ರಚಿಸಿದ್ದಾನೆ.

ಎರಡು ಪರಂಪರೆಗಳು ಕೂಡಿದ್ದೂ ಕನ್ನಡ ನೆಲದಲ್ಲೇ. ಸಂಸ್ಕೃತದಲ್ಲಿ ಅಶ್ವವೈದ್ಯಕ್ಕೆ ಮೂಲಪುರುಷನೆಂದರೆ ಶಾಲಿಹೋತ್ರ. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ್ ಅಹ್ಮದ್ ಶಾಹ್ ವಲಿಯ ಆಶ್ರಯದಲ್ಲಿ ಅಬ್ದುಲ್ಲಾ ಬಿನ್ ಸಫೀ ಎಂಬ ವಿದ್ವಾಂಸರು ಶಾಲಿಹೋತ್ರನ ಶಾಸ್ತ್ರವನ್ನು ಪಾರ್ಸಿಗೆ ತಂದರು. ಉರ್ದುವಿನಲ್ಲಿ ಕುದುರೆ ವೈದ್ಯನಿಗೆ ‘ಸಾಲೋತ್ರಿ’ ಎನ್ನುವುದು ಆ ಋಷಿಯ ಹೆಸರಿನಿಂದಲೇ. ಒಳ್ಳೆಯ ವಿದ್ಯೆ ಎಲ್ಲಿ ಸಿಕ್ಕರೂ ಅದನ್ನು ತನ್ನ ಕಳೆದುಹೋದ ಸೊತ್ತಿನಂತೆ ಎತ್ತಿಕೊಳ್ಳಬೇಕೆಂದು ನಮ್ಮ ಹಿರಿಯರು ತಿಳಿದಿದ್ದರು. ಯಾವ ಭಾಷೆಯಲ್ಲಿದೆ, ಯಾವ ಧರ್ಮದವರು ಬರೆದದ್ದು ಎಂದು ನೋಡಿ ಬಿಡಲಿಲ್ಲ.

ವಿದ್ಯೆಯನ್ನು ಮುಚ್ಚಿಟ್ಟ ವ್ಯಾಪಾರಿಗಳು

ಈ ಚರಿತ್ರೆಯಲ್ಲಿ ನಾವು ತಲೆತಗ್ಗಿಸಬೇಕಾದ ಒಂದು ಪುಟವೂ ಇದೆ. ತಮಿಳು ಕರಾವಳಿಯ ಮಾಬರ್ ರಾಜ್ಯದ ಬಗ್ಗೆ ಮಾರ್ಕೊ ಪೋಲೊ ಹೀಗೆ ವಿವರಿಸುತ್ತಾನೆ: ಅಲ್ಲಿನ ಅರಸನು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಾನೆ, ವರ್ಷ ಮುಗಿಯುವ ಹೊತ್ತಿಗೆ ನೂರು ಉಳಿಯುವುದೂ ಕಷ್ಟ. ಸಾಕುವ ಬಗೆ ಅಲ್ಲಿನವರಿಗೆ ತಿಳಿಯದು, ಕುದುರೆ ವೈದ್ಯರೂ ಇಲ್ಲ. ಹೊರ್ಮುಜ್, ಕೈಸ್, ಧೋಫಾರ್, ಅದನ್ ಮುಂತಾದ ಬಂದರುಗಳಿಂದ ಕುದುರೆ ತರುವ ವ್ಯಾಪಾರಿಗಳು ತಮ್ಮ ಜೊತೆ ಅಂತಹ ವೈದ್ಯರನ್ನು ಕರೆತರುವುದಿಲ್ಲ, ಹೋಗಬಯಸುವವರನ್ನೂ ತಡೆಯುತ್ತಾರೆ. ಕುದುರೆ ಸತ್ತಷ್ಟೂ ಅವರಿಗೆ ಲಾಭ.

ಪ್ರವಾಸಿಯ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೂ ಆ ವ್ಯಾಪಾರಿಗಳಲ್ಲಿ ಹೆಚ್ಚಿನವರು ನಮ್ಮವರೇ ಎಂಬುದನ್ನು ಮರೆಯುವಂತಿಲ್ಲ. ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಧಾನ್ಯದ ರಾಶಿಯ ಒಳಗೆ ಒದ್ದೆ ಕಾಳು ಮುಚ್ಚಿಡುವುದು ವಂಚನೆಯಾದರೆ, ಮೂಕ ಪ್ರಾಣಿಯನ್ನು ಮಾರಿ ಅದನ್ನು ಬದುಕಿಸುವ ವಿದ್ಯೆಯನ್ನು ಮುಚ್ಚಿಡುವುದು ಅದಕ್ಕಿಂತ ದೊಡ್ಡ ವಂಚನೆ. ವಿದ್ಯೆಯನ್ನು ಹಂಚಿದ ಅಬ್ದುಲ್ಲಾ ಬಿನ್ ಸಫೀ ಒಂದು ಕಡೆ, ಬಚ್ಚಿಟ್ಟ ವ್ಯಾಪಾರಿಗಳು ಇನ್ನೊಂದು ಕಡೆ. ನಾವು ಯಾರ ವಾರಸುದಾರರಾಗಬೇಕು ಎಂಬುದನ್ನು ನಾವೇ ಆರಿಸಿಕೊಳ್ಳಬೇಕು.

ಸವಣೂರಿನ ಸವಾರರು

1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಬಿಜಾಪುರದ ಸೇವೆಯಲ್ಲಿದ್ದ ಮಿಯಾನಾ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನರಿಗೆ ಔರಂಗಜೇಬರಿಂದ ದಿಲೇರ್ ಖಾನ್ ಎಂಬ ಬಿರುದೂ ಬಂಕಾಪುರ ಮೊದಲಾದ ಪ್ರದೇಶಗಳ ಜಹಗೀರೂ ದೊರೆತವು. ಮೊದಲು ಬಂಕಾಪುರದಲ್ಲಿ, ಆಮೇಲೆ ಸವಣೂರಿನಲ್ಲಿ ಈ ಮನೆತನ ನೆಲೆಯೂರಿತು. ಜಹಗೀರು ಎಂದರೆ ಬರೀ ಭೂಮಿಯಲ್ಲ. ಅದರ ಪ್ರತಿಯಾಗಿ ಸವಾರರನ್ನು ಸಾಕಿ ಸಜ್ಜಾಗಿಡುವ ಹೊಣೆ. ಕುದುರೆಯಿದ್ದಲ್ಲಿ ಹುಲ್ಲಿನವನು, ಜೀನಿನವನು, ಬೈತಾರ, ನಾಲಬಂದ ಎಲ್ಲರೂ ಬೇಕು.

ನಾಲದ ಖರ್ಚು ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಸಾಕ್ಷಿ ಆಡಳಿತದ ಭಾಷೆಯಲ್ಲೇ ಇದೆ. ಕುದುರೆಗಳಿಗೆ ವರ್ಷಕ್ಕೆ ಎರಡು ಸಲ ನಾಲ ಕಟ್ಟಬೇಕು, ನಾಲ್ಕು ಕಾಲಿನ ಒಂದು ಜೊತೆಗೆ ಮೊದಲು 8 ದಾಮು ಕೊಡುತ್ತಿದ್ದರು, ಈಗ 10 ದಾಮು ಎಂದು ಅಬುಲ್ ಫಝಲ್ ‘ಆಯಿನೆ ಅಕ್ಬರಿ’ಯಲ್ಲಿ ದಾಖಲಿಸಿದ್ದಾರೆ. ಆಗ 40 ದಾಮಿಗೆ ಒಂದು ರೂಪಾಯಿ. ಮರಾಠರ ದಫ್ತರಗಳಲ್ಲಿ ದಂಡಯಾತ್ರೆಗೆ ಮೊದಲು ಸವಾರರಿಗೆ ಕೊಡುತ್ತಿದ್ದ ಮುಂಗಡ ಹಣಕ್ಕೇ ‘ನಾಲಬಂದಿ’ ಎಂಬ ಹೆಸರು. ಯುದ್ಧದ ಮೊದಲ ಖರ್ಚು ಬಾರೂದಿಗಲ್ಲ, ಗೊರಸಿಗೆ!

ಸವಣೂರಿನ ನವಾಬರಿಗೆ ಈ ಖರ್ಚು ತಪ್ಪಿದ ಕಾಲವೇ ಇರಲಿಲ್ಲ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವನ ಸೈನ್ಯವೂ ನಿಜಾಮನ ಸೈನ್ಯವೂ ಸೇರಿ ಸವಣೂರಿಗೆ ಮುತ್ತಿಗೆ ಹಾಕಿದವು. 1764ರಲ್ಲಿ ಹೈದರ್ ಅಲಿಯ ಎದುರು ನವಾಬ್ ಅಬ್ದುಲ್ ಹಕೀಮ್ ಖಾನ್ ಸೋತರು. 1779ರಲ್ಲಿ ಎರಡೂ ಮನೆತನಗಳ ನಡುವೆ ಮದುವೆ ಸಂಬಂಧ ಬೆಳೆಯಿತು. ಆಗಿನ ಒಪ್ಪಂದದಂತೆ ನವಾಬರು ಎರಡು ಸಾವಿರ ಪಠಾಣ ಸವಾರರನ್ನು ಹೈದರನ ಸೇವೆಗೆ ಒದಗಿಸಬೇಕಾಗಿತ್ತು. ಬಾಂಧವ್ಯ ಬಹುಕಾಲ ಉಳಿಯಲಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವಿನ ಯುದ್ಧದಲ್ಲಿ ಸವಣೂರು ಟಿಪ್ಪುವಿನ ಕೈ ಸೇರಿತು, ನವಾಬರು ಊರು ಬಿಡಬೇಕಾಯಿತು.

ಆ ಯುದ್ಧ ನಡೆದದ್ದು ಮಳೆಗಾಲದಲ್ಲಿ. ಆಗಸ್ಟ್ ತಿಂಗಳಿನಲ್ಲಿ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ಟಿಪ್ಪು ದಾಟಿ ಬಂದ ಸಂಗತಿ ಪ್ರಸಿದ್ಧ. ನಮ್ಮ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಕಾಲು ಇಟ್ಟರೆ ಹಿಡಿದು ಎಳೆಯುತ್ತದೆ. ಸಡಿಲವಾದ ನಾಲ ಕೆಸರಿನಲ್ಲೇ ಉಳಿಯುತ್ತದೆ. ಸದಾ ಒದ್ದೆಯಾದ ಗೊರಸು ಮೆತ್ತಗಾಗಿ ಕೊಳೆಯಲು ತೊಡಗುತ್ತದೆ. ಇತಿಹಾಸದ ಪುಸ್ತಕಗಳಲ್ಲಿ ನವಾಬರ ಹೆಸರಿದೆ, ಸುಲ್ತಾನರ ಹೆಸರಿದೆ. ಕೆಸರಿನಲ್ಲಿ ಕುಳಿತು ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದವರ ಹೆಸರಿಲ್ಲ. ಅವರ ಪಾಲಿಗೆ ಉಳಿದದ್ದು ಒಂದು ಅಡ್ಡಹೆಸರು ಮಾತ್ರ.

ಕುದುರೆಯಿಂದ ಎತ್ತಿಗೆ, ಎತ್ತಿನಿಂದ ಟ್ರ್ಯಾಕ್ಟರಿಗೆ

ಬ್ರಿಟಿಷರ ಕಾಲಕ್ಕೆ ಸವಣೂರು ಒಂದು ಪುಟ್ಟ ಸಂಸ್ಥಾನವಾಗಿ ಉಳಿಯಿತು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು. 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಸವಾರರ ಪಡೆಗಳು ಕರಗಿದ ಮೇಲೆ ನಾಲಬಂದರ ಕೈ ಹಿಡಿದದ್ದು ಟಾಂಗಾ ಕುದುರೆ, ಅದಕ್ಕಿಂತ ಹೆಚ್ಚಾಗಿ ರೈತರ ಎತ್ತು. ಕಲ್ಲಿನ ರಸ್ತೆ, ಆಮೇಲೆ ಡಾಂಬರು ರಸ್ತೆ ಬಂದಾಗ ಚಕ್ಕಡಿ ಎಳೆಯುವ ಎತ್ತಿನ ಗೊರಸು ಬೇಗ ಸವೆಯತೊಡಗಿತು. ಕುದುರೆಯ ಗೊರಸು ಒಂದೇ, ಎತ್ತಿನದು ಸೀಳುಗೊರಸು. ಆದ್ದರಿಂದ ಎತ್ತಿಗೆ ಒಂದು ಕಾಲಿಗೆ ಎರಡರಂತೆ ಎಂಟು ತೆಳುವಾದ ತಗಡುಗಳು. ಕುದುರೆ ನಿಂತೇ ಕಾಲು ಕೊಡುತ್ತದೆ. ಎತ್ತನ್ನು ಹಗ್ಗ ಹಾಕಿ ನೆಲಕ್ಕೆ ಕೆಡವಿ ಕಾಲು ಕಟ್ಟಬೇಕು. ಸಂತೆಯ ದಿನ ಮರದ ನೆರಳಿನಲ್ಲಿ ಈ ಕೆಲಸ ನಡೆಯುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಬಂಕಾಪುರದ ಕೋಟೆ ಈ ಬದಲಾವಣೆಗೆ ಸಾಕ್ಷಿ. ಒಂದು ಕಾಲಕ್ಕೆ ಸವಾರರಿದ್ದ ಆ ಕೋಟೆಯ ಆವರಣದಲ್ಲಿ ಈಗ ನವಿಲುಧಾಮವಿದೆ, ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಕುದುರೆ ಹೋಗಿ ಎತ್ತು ಬಂತು. ಈಗ ಎತ್ತಿನ ಜಾಗಕ್ಕೂ ಟ್ರ್ಯಾಕ್ಟರ್ ಬಂದಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ಪಿಂಜಾರ, ನದಾಫ, ಛಪ್ಪರಬಂದ, ಕಸಾಬ ಮುಂತಾದವರ ಜೊತೆಗೆ ನಾಲಬಂದರ ಹೆಸರೂ ಇದೆ. ಕಸುಬು ಹೋಗುತ್ತಿರುವಾಗ ಆ ಸೌಲಭ್ಯದಿಂದಲಾದರೂ ಮಕ್ಕಳು ಓದಿ ಮುಂದೆ ಬರಬೇಕಾದದ್ದು ಅಗತ್ಯ.

ಬರಿಗಾಲಿನ ಕುದುರೆಯ ಆರೈಕೆ

ನಾಲ ಕಟ್ಟುವವರು ಕಡಿಮೆಯಾದರೂ ಕುದುರೆಗಳು ಪೂರ್ತಿ ಮಾಯವಾಗಿಲ್ಲ. ಮದುವೆಯ ಮೆರವಣಿಗೆಗೆ ಕುದುರೆ ಬೇಕು. ಹವ್ಯಾಸಕ್ಕೆ ಸಾಕುವ ಯುವಕರಿದ್ದಾರೆ. ಸಂಚಾರಿ ಕುರಿಗಾಹಿಗಳ ತಟ್ಟುಗಳು ಸಾಮಾನು ಹೊತ್ತು ಬರಿಗಾಲಿನಲ್ಲೇ ಊರೂರು ನಡೆಯುತ್ತವೆ. ಕುರಿಗಾಹಿಯ ತಟ್ಟು ದಿನವೂ ನಡೆಯುವುದರಿಂದ ಅದರ ಗೊರಸು ತಾನಾಗಿ ಸವೆದು ಹದದಲ್ಲಿರುತ್ತದೆ. ಕಟ್ಟಿಹಾಕಿ ಮೇಯಿಸುವ ಕುದುರೆಗೆ ಆ ಸವೆತ ಇಲ್ಲ. ಕೆತ್ತುವವರೂ ಇಲ್ಲದಿದ್ದರೆ ಗೊರಸು ಮುಂದಕ್ಕೆ ಚಾಚಿ ಚಪ್ಪಲಿಯಂತೆ ಬೆಳೆಯುತ್ತದೆ.

ಪಶ್ಚಿಮ ದೇಶಗಳಲ್ಲೂ ಈಗ ಬರಿಗಾಲಿನ ಕಡೆಗೆ ಒಲವು ಹೆಚ್ಚುತ್ತಿದೆ. ಮೊಳೆ ಹೊಡೆದ ಲಾಳವು ಗೊರಸು ಸಹಜವಾಗಿ ಹಿಗ್ಗುವುದನ್ನು ತಡೆಯುತ್ತದೆ ಎಂದು ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕ್ 19ನೆಯ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಅಮೆರಿಕದಲ್ಲಿ ಲಾಳ ಕಟ್ಟುವ ಕಸುಬಿನವರೇ ಆಗಿದ್ದ ಜೇಮಿ ಜಾಕ್ಸನ್ ಕಾಡುಕುದುರೆಗಳ ಕಾಲನ್ನು ಗಮನಿಸಿ, ಅವುಗಳ ಗೊರಸಿನ ಅಂಚು ನಡೆದು ನಡೆದು ದುಂಡಾಗಿರುವುದನ್ನು ಕಂಡು, 1992ರಲ್ಲಿ ಪುಸ್ತಕ ಬರೆದರು. ಎಲ್ಲ ಕುದುರೆಗೂ ಬರಿಗಾಲೇ ಸರಿ ಎಂದೇನಿಲ್ಲ. ಡಾಂಬರಿನ ಮೇಲೆ ಭಾರ ಎಳೆಯುವುದಕ್ಕೆ ನಾಲ ಬೇಕಾದೀತು. ಎರಡರಲ್ಲಿ ಯಾವುದಾದರೂ ಕೆತ್ತನೆ ಮಾತ್ರ ತಪ್ಪುವುದಿಲ್ಲ.

ಗೊರಸು ನಮ್ಮ ಉಗುರಿನಂತೆಯೇ. ಹೊರಗೋಡೆಗೆ ನೋವಿಲ್ಲ, ಒಳಗೆ ಜೀವವಿದೆ. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮೇಲಿನ ಕೂದಲಿನ ಅಂಚಿನಿಂದ ಮುಂಭಾಗದ ನೆಲದವರೆಗೆ ಪೂರ್ತಿ ಹೊಸದಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ. ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಬೇಕು. ಮೊದಲು ಕಾಲೆತ್ತಿ ಕಲ್ಲು, ಸಗಣಿ, ಮಣ್ಣನ್ನು ತೆಗೆಯಬೇಕು. ಅಡಿಭಾಗದಲ್ಲಿ ಪುಡಿಪುಡಿಯಾಗಿ ಉದುರುವ ಸತ್ತ ಪದರವನ್ನಷ್ಟೇ ಕೆರೆಯಬೇಕು. ಹೆಚ್ಚಾಗಿ ಬೆಳೆದ ಗೋಡೆಯನ್ನು ಇಕ್ಕಳದಿಂದ ಕತ್ತರಿಸಿ, ಅರದಿಂದ ಉಜ್ಜಿ ಎರಡು ಬದಿಯೂ ಸಮವಾಗುವಂತೆ ಮಾಡಬೇಕು. ಹೊರ ಅಂಚನ್ನು ಸ್ವಲ್ಪ ದುಂಡಗೆ ಮಾಡಿದರೆ ಸೀಳುವುದಿಲ್ಲ. ನಡುವೆ ಇರುವ ತ್ರಿಕೋನಾಕಾರದ ಮೆತ್ತನೆಯ ಭಾಗವನ್ನು ಚೆಂದಕ್ಕಾಗಿ ಕೊಯ್ಯಬಾರದು. ನೆಲದ ಪೆಟ್ಟನ್ನು ತಡೆದುಕೊಳ್ಳುವುದೂ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಲು ನೆರವಾಗುವುದೂ ಅದೇ. ಗೊರಸಿನಿಂದ ರಕ್ತ ಕಂಡರೆ ಕತ್ತಿ ಮಿತಿಮೀರಿದೆ ಎಂದೇ ಅರ್ಥ.

ನಮ್ಮ ಸೀಮೆಗೆ ಎರಡು ಎಚ್ಚರಿಕೆಗಳು ಮುಖ್ಯ. ಒಂದು, ತೇವ. ಹಾನಗಲ್ಲಿನ ಭತ್ತದ ಗದ್ದೆಯ ಬದಿಯಲ್ಲಾಗಲಿ ಸವಣೂರಿನ ಎರೆಹೊಲದಲ್ಲಾಗಲಿ ಮಳೆಗಾಲದಲ್ಲಿ ಕುದುರೆ ನಿಲ್ಲುವ ಜಾಗವಾದರೂ ಒಣಗಿರಬೇಕು. ಗೊರಸಿನ ನಡುವಿನಿಂದ ಕೆಟ್ಟ ವಾಸನೆ, ಕಪ್ಪು ಕೀವು ಬಂದರೆ ಕೊಳೆತ ಶುರುವಾಗಿದೆ. ಎರಡು, ಮೆಕ್ಕೆಜೋಳ. ಹಾವೇರಿ ಜಿಲ್ಲೆಯ ತುಂಬ ಅದೇ ಬೆಳೆ. ರಾಶಿಗೆ ನುಗ್ಗಿ ಹೊಟ್ಟೆ ಬಿರಿಯುವಷ್ಟು ಕಾಳು ತಿಂದ ಕುದುರೆಗೆ ಗೊರಸಿನ ಒಳಪದರ ಊದಿ, ಮುಂಗಾಲು ಊರಲಾರದಂತಾಗುತ್ತದೆ. ಕಾಲಿನಲ್ಲಿ ಕಾಣುವ ಈ ರೋಗದ ಬೇರು ಹೊಟ್ಟೆಯಲ್ಲಿದೆ. ಆಗ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು.

ಅಮಾನತ್

ಪ್ರವಾದಿ(ಸ) ತಮ್ಮ ಮೇಲುವಸ್ತ್ರದಿಂದ ಕುದುರೆಯ ಮುಖ ಒರೆಸುತ್ತಿದ್ದುದನ್ನು ಜನರು ಕಂಡರು. ಕಾರಣ ಕೇಳಿದಾಗ, ಕುದುರೆಗಳ ವಿಷಯದಲ್ಲಿ ರಾತ್ರಿ ತಮ್ಮನ್ನು ಎಚ್ಚರಿಸಲಾಯಿತು ಎಂದರು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ವರದಿಯಿದೆ. ಸಹಾಬಿ ತಮೀಮುದ್ದಾರಿ(ರ) ಮನೆಯವರು ಸುತ್ತಲಿದ್ದರೂ ತಾವೇ ಕುಳಿತು ಕುದುರೆಗಾಗಿ ಜವೆಗೋಧಿಯ ಕಸ ಆರಿಸುತ್ತಿದ್ದರು. ಪ್ರತಿಯೊಂದು ಕೆಲಸವನ್ನೂ ಉತ್ತಮವಾಗಿ ಮಾಡಬೇಕೆಂದು ಅಲ್ಲಾಹನು ವಿಧಿಸಿದ್ದಾನೆ, ಪ್ರಾಣಿಗೆ ನೋವಾಗದಂತೆ ಕತ್ತಿಯನ್ನು ಹರಿತ ಮಾಡಿಕೊಳ್ಳಬೇಕೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಕಲಿಸುತ್ತದೆ. ಝಬಹ್‌ನ ಕತ್ತಿಗೆ ಹೇಳಿದ ಮಾತು ಗೊರಸಿನ ಕತ್ತಿಗೂ ಸಲ್ಲುತ್ತದೆ. ಮೊಂಡು ಕತ್ತಿ, ಅವಸರದ ಕೈ, ಅರೆಬರೆ ಕೆತ್ತನೆ ಇವೆಲ್ಲ ಬಾಯಿಲ್ಲದ ಪ್ರಾಣಿಯ ಮೇಲಿನ ಅನ್ಯಾಯ. ಕುದುರೆ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯ ಕಾಲನ್ನು ಮನುಷ್ಯನ ಕೈಗೆ ಒಪ್ಪಿಸುತ್ತದೆ. ಅದು ಅಮಾನತ್.

ಈಗ ಮಾಡಬಹುದಾದದ್ದು ಮೂರು. ನಾಲಬಂದ ಮನೆತನಗಳಲ್ಲಿ ಕಸುಬು ಬಲ್ಲ ಹಿರಿಯರು ಇನ್ನೂ ಇದ್ದರೆ ಮೊಮ್ಮಕ್ಕಳು ಅವರ ಬಳಿ ಕುಳಿತು ಉಪಕರಣಗಳ ಹೆಸರು, ಕೆಲಸದ ಕ್ರಮ, ಔಷಧಗಳನ್ನು ಕೇಳಿ ಬರೆದಿಡಬೇಕು. ಕುದುರೆ ಸಾಕುವವರು ಮೆರವಣಿಗೆಯ ಬಾಡಿಗೆಯಲ್ಲಿ ಒಂದು ಪಾಲನ್ನು ಅದರ ಕಾಲಿಗೆ ಮೀಸಲಿಡಬೇಕು. ಕುಂಟುವ ಕುದುರೆಯನ್ನು ಬ್ಯಾಂಡಿನ ಮುಂದೆ ನಿಲ್ಲಿಸುವುದು ಮದುವೆಯ ಬರ್ಕತ್ತಿಗೆ ಶೋಭೆಯಲ್ಲ. ಓದಿನಲ್ಲಿ ಮುಂದಿರುವ ನಮ್ಮ ಮಕ್ಕಳು ಪಶುವೈದ್ಯ ಶಿಕ್ಷಣದ ಕಡೆಗೂ ನೋಡಬೇಕು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲಿ, ಶಾಲಿಹೋತ್ರನನ್ನು ಪಾರ್ಸಿಗೆ ತರಿಸಿದ ಅಹ್ಮದ್ ಶಾಹ್ ವಲಿ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡ ಊರಿನಲ್ಲಿ.

ಕುದುರೆ ವೈದ್ಯನ ಮಗ ಎಂಬ ಹೆಸರಿನಿಂದ ಇಬ್ನುಲ್ ಬೈತಾರ್‌ರಿಗೆ ಕುಂದು ಬರಲಿಲ್ಲ. ನಾಲಬಂದ ಎಂಬ ಹೆಸರನ್ನು ಶಾಲೆಯ ಹಾಜರಿ ಪುಸ್ತಕದಲ್ಲಿ ಕೇಳಿ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾದ ಕಾರಣವೂ ಇಲ್ಲ. ನಮ್ಮ ಕೈಗೆ ಒಪ್ಪಿಸಲಾದ ಪ್ರತಿಯೊಂದು ಜೀವದ ಹಕ್ಕನ್ನು ಅರಿತು ಪೂರೈಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.